ನಲ್ಲಿ ಇದೆ, ನೀರು ಉಪ್ಪು: ಕಾಸರಗೋಡು ಪೇಟೆಯ ಬೇಸಗೆಯ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಕೇರಳದ 44 ಹೊಳೆಗಳಲ್ಲಿ 12 ಹರಿಯುವುದು ಈ ಒಂದೇ ಜಿಲ್ಲೆಯಲ್ಲಿ. ಇಂಥ ಜಿಲ್ಲೆಯ ಮುಖ್ಯ ಪೇಟೆಯಲ್ಲಿ ಎಷ್ಟೋ ವರ್ಷ, ಬೇಸಗೆ ಬಲಿಯಿತೆಂದರೆ ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತು. ಬಾಯಿಗೆ ಹಾಕಿದ ಕೂಡಲೇ ಗೊತ್ತಾಗುವಷ್ಟು ಉಪ್ಪು. ಒಂದೆರಡು ದಿನದ ಮಾತಲ್ಲ, ಮಳೆ ಹಿಡಿಯುವ ತನಕ ಅದೇ ಪಾಡು.

ಜಗತ್ತಿನ ನೀರಿನ ಬರದ ಬಗ್ಗೆ ಮಾತಾಡುವಾಗ ನಮ್ಮ ಕಣ್ಣಿಗೆ ಬರುವುದು ಬಿರುಕು ಬಿಟ್ಟ ನೆಲ, ಕೊಡ ಹೊತ್ತು ಮೈಲುಗಟ್ಟಲೆ ನಡೆಯುವ ಹೆಂಗಸರು. ಅದೂ ನಿಜವೇ. ಆದರೆ ನೀರಿನ ಬರಕ್ಕೆ ಇನ್ನೊಂದು ಮುಖ ಇದೆ. ಎದುರಿಗೆ ಹೊಳೆ ತುಂಬಿಕೊಂಡೇ ಇರುತ್ತದೆ, ಮನೆಗೆ ಪೈಪು ಬಂದಿರುತ್ತದೆ, ತಿಂಗಳ ಬಿಲ್ಲೂ ಬರುತ್ತದೆ. ಕುಡಿಯಲಿಕ್ಕೆ ಮಾತ್ರ ನೀರಿಲ್ಲ. ಕಾಸರಗೋಡಿನ ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದು ಅದಕ್ಕೇ. ಮಳೆ ಕಡಿಮೆ ಆದ್ದರಿಂದ ನೀರಿಲ್ಲ ಎಂಬ ಸುಲಭದ ಉತ್ತರ ಇಲ್ಲಿ ನಡೆಯುವುದಿಲ್ಲ.

ಹೊಳೆ ಮತ್ತು ಕಡಲು

ಪೇಟೆಗೆ ನೀರು ಬರುವುದು ಬಾವಿಕ್ಕೆರೆಯಿಂದ. ಮುಳಿಯಾರು ಪಂಚಾಯತಿನ ಆಲೂರಿನ ಹತ್ತಿರ, ಪಯಸ್ವಿನಿ ಹೊಳೆಯ ದಡದಲ್ಲಿ ಪಂಪ್‌ಹೌಸ್ ಇದೆ. ಅಲ್ಲಿಂದ ಎತ್ತಿದ ನೀರು ಶುದ್ಧೀಕರಣವಾಗಿ ಕಾಸರಗೋಡು ನಗರಸಭೆಗೆ, ಜೊತೆಗೆ ಚೆಂಗಳ, ಮಧೂರು, ಮೊಗ್ರಾಲ್ ಪುತ್ತೂರಿನಂಥ ಅಕ್ಕಪಕ್ಕದ ಪಂಚಾಯತುಗಳಿಗೆ ಹೋಗುತ್ತದೆ.

ಪಯಸ್ವಿನಿ ನಮಗೆಲ್ಲ ಗೊತ್ತಿರುವ ಹೊಳೆ. ಕೊಡಗಿನ ಕಡೆಯ ಘಟ್ಟದಿಂದ ಇಳಿದು, ಸುಳ್ಯ ದಾಟಿ, ಕಾಸರಗೋಡಿಗೆ ಬಂದು, ಕೊನೆಗೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕೋಟೆಯ ಕೆಳಗೆ ಕಡಲು ಸೇರುತ್ತದೆ. ಉದ್ದ 105 ಕಿಲೋಮೀಟರ್. ಇದಕ್ಕೆ ನೀರು ಕೊಡುವ ಜಲಾನಯನ ಪ್ರದೇಶ ಸುಮಾರು 1,400 ಚದರ ಕಿಲೋಮೀಟರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಕರ್ನಾಟಕದಲ್ಲಿ. ಕಾಸರಗೋಡಿನ ಕನ್ನಡಿಗರಿಗೆ ಈ ಹೊಳೆಯ ಹೆಸರು ಕೇಳಿದರೆ ಮೊದಲು ನೆನಪಾಗುವುದು ರಾಜ್ಯಗಳ ಗಡಿ ತಕರಾರಿನ ಬಗ್ಗೆ ಬಂದ 1967ರ ಮಹಾಜನ ವರದಿ. ಚಂದ್ರಗಿರಿ, ಪಯಸ್ವಿನಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಆ ವರದಿ ಹೇಳಿತ್ತು. ಗಡಿಯ ಗೆರೆಯಾಗಿ ಈ ಹೊಳೆಯ ಬಗ್ಗೆ ನಾವು ಮಾತಾಡಿದಷ್ಟು ಕುಡಿಯುವ ನೀರಾಗಿ ಮಾತಾಡಿಲ್ಲ. ನನಗೆ ಇದು ಬೇಸರದ ಸಂಗತಿ.

ಬಾವಿಕ್ಕೆರೆ ಕಡಲ ತೀರದಲ್ಲೇನೂ ಇಲ್ಲ. ಹಾಗಾದರೆ ಉಪ್ಪು ಅಲ್ಲಿಗೆ ಹೋದದ್ದು ಹೇಗೆ? ಮಳೆಗಾಲದಲ್ಲಿ ಹೊಳೆಯ ರಭಸ ಕಡಲನ್ನು ಹೊರಗೇ ತಳ್ಳಿ ಇಡುತ್ತದೆ. ಡಿಸೆಂಬರ್ ಕಳೆಯುತ್ತಿದ್ದಂತೆ ಆ ರಭಸ ಇಳಿಯುತ್ತದೆ. ಜನವರಿ, ಫೆಬ್ರವರಿಯಲ್ಲಿ ಹೊಳೆಯ ಎರಡೂ ದಡದ ತೋಟಗಳಿಗೆ ಪಂಪು ಓಡುತ್ತದೆ. ಅಡಿಕೆಗೆ ನೀರು ಬೇಕಾಗುವುದೂ ಅದೇ ಹೊತ್ತಿಗೆ. ಹೊಳೆ ಸೋತಷ್ಟೂ ಕಡಲು ಒಳಗೆ ಬರುತ್ತದೆ. ದಿನಕ್ಕೆರಡು ಸಲ ಉಬ್ಬರ, ಹುಣ್ಣಿಮೆ ಅಮಾಸೆಗೆ ಇನ್ನೂ ಜಾಸ್ತಿ.

ಉಪ್ಪುನೀರು ಸಿಹಿನೀರಿಗಿಂತ ಭಾರ. ಹಾಗಾಗಿ ಅದು ಹೊಳೆಯ ತಳ ಹಿಡಿದು ಮೇಲಕ್ಕೆ ಸರಿಯುತ್ತದೆ. ಮೇಲೆ ಸಿಹಿನೀರು, ಅಡಿಯಲ್ಲಿ ಉಪ್ಪುನೀರು. ದಡದಲ್ಲಿ ನಿಂತು ನೋಡಿದವರಿಗೆ ಹೊಳೆ ಎಂದಿನಂತೆಯೇ ಕಾಣುತ್ತದೆ, ಬಗ್ಗಿ ಒಂದು ಬೊಗಸೆ ತೆಗೆದು ಕುಡಿದರೂ ಅಷ್ಟು ಗೊತ್ತಾಗದೆ ಇರಬಹುದು. ಪಂಪಿನ ಪೈಪು ಇರುವುದು ಅಡಿಯಲ್ಲಿ. ಅದು ಮೊದಲು ಎಳೆಯುವುದು ಉಪ್ಪನ್ನೇ. ಇದರ ಮೇಲೆ ಹೊಯಿಗೆ, ಅಂದರೆ ಮರಳು ತೆಗೆಯುವ ದಂಧೆ ಬೇರೆ. ಹೊಯಿಗೆ ತೆಗೆದಷ್ಟೂ ಹೊಳೆಯ ತಳ ಆಳವಾಗುತ್ತದೆ. ತಳ ಸಮುದ್ರ ಮಟ್ಟಕ್ಕಿಂತ ಕೆಳಗೆ ಹೋದ ಕಡೆಗೆಲ್ಲ ಉಪ್ಪಿಗೆ ದಾರಿ ಸಲೀಸು.

ಐದು ಕೊಡಪಾನಕ್ಕೆ ಒಂದು ಚೊಂಬು

ಕಡಲ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ ಇದೆ. ಅದರಲ್ಲಿ ಕ್ಲೋರೈಡ್ ಒಂದೇ 19 ಗ್ರಾಂ, ಅಂದರೆ 19,000 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ ಪ್ರಕಾರ ಒಂದು ಲೀಟರಿನಲ್ಲಿ ಕ್ಲೋರೈಡ್ 250 ಮಿಲಿಗ್ರಾಂ ದಾಟಬಾರದು. ಲೆಕ್ಕ ಹಾಕಿ ನೋಡಿ. 15 ಲೀಟರಿನ ಐದು ಕೊಡಪಾನ ಒಳ್ಳೆಯ ನೀರಿಗೆ ಒಂದು ಲೀಟರಿನ ಚೊಂಬು ಕಡಲ ನೀರು ಸುರಿದರೆ ಸಾಕು, ಆ ಮಿತಿ ಮುಟ್ಟಿಯಾಯಿತು. ಇಡೀ ಹೊಳೆಯನ್ನು ಹಾಳು ಮಾಡಲು ಕಡಲಿಗೆ ಬೇಕಾದದ್ದು ನೂರರಲ್ಲಿ ಒಂದೂಕಾಲು ಪಾಲು ಅಷ್ಟೇ.

ಬೇರೆ ನೀರೇ ಸಿಗದ ಕಡೆ 1,000 ಮಿಲಿಗ್ರಾಂ ತನಕ ಒಪ್ಪಬಹುದು ಎಂದೂ ಅದೇ ಮಾನಕ ಹೇಳುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಡಲ ನೀರು ಬೆರೆತು ಕ್ಲೋರೈಡ್ 1,000ಕ್ಕೆ ಬಂದಿದೆ ಎಂದರೆ ಅದರ ಜೊತೆಗೆ ಲೀಟರಿಗೆ 550 ಮಿಲಿಗ್ರಾಂನಷ್ಟು ಸೋಡಿಯಂ ಕೂಡ ಬಂದಿರುತ್ತದೆ. ಬೇಸಗೆಯಲ್ಲಿ ಮೈಮುರಿದು ದುಡಿಯುವವರು ದಿನಕ್ಕೆ ಮೂರು ಲೀಟರ್ ನೀರು ಕುಡಿಯುವುದು ಸಾಮಾನ್ಯ. ಅಷ್ಟರಲ್ಲೇ 1.6 ಗ್ರಾಂಗಿಂತ ಜಾಸ್ತಿ ಸೋಡಿಯಂ ಹೊಟ್ಟೆಗೆ ಹೋಯಿತು. ದೊಡ್ಡವರಿಗೆ ಇಡೀ ದಿನಕ್ಕೆ 2 ಗ್ರಾಂ ಸೋಡಿಯಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊಟ, ಉಪ್ಪಿನಕಾಯಿ, ಮೀನು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬಿ.ಪಿ. ಇರುವವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು ಏನು ಮಾಡಬೇಕು? ಬಾಂಗ್ಲಾದೇಶದ ಖುಲ್ನಾ ಕಡಲ ತೀರದಲ್ಲಿ ಉಪ್ಪುನೀರು ಕುಡಿಯುವ ಬಸುರಿಯರಲ್ಲಿ ರಕ್ತದೊತ್ತಡದ ತೊಂದರೆ ಜಾಸ್ತಿ ಎಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಇದನ್ನು ಬರೀ ರುಚಿಯ ಪ್ರಶ್ನೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ.

ಅಡುಗೆಮನೆಯಲ್ಲಿ ಇದು ಹೇಗಿತ್ತು ಎಂದು ಹೇಳಬೇಕು. ಪೇಟೆಯ ಒಂದು ಬಾಡಿಗೆ ಮನೆಯಲ್ಲಿ ಏಪ್ರಿಲಿನಲ್ಲಿ ನಾನು ಕಂಡದ್ದು ಮೂರು ಬೇರೆ ಬೇರೆ ಪಾತ್ರೆ. ಮುಚ್ಚಳ ಹಾಕಿ ಮೇಲೆ ಇಟ್ಟ ಸ್ಟೀಲಿನ ಕೊಡಪಾನದಲ್ಲಿ ದುಡ್ಡು ಕೊಟ್ಟು ತಂದ ಕ್ಯಾನಿನ ನೀರು, ಅದು ಕುಡಿಯಲಿಕ್ಕೆ ಮತ್ತು ಚಾಗೆ. ಒಂದು ಬಕೆಟಿನಲ್ಲಿ ನೆರೆಮನೆಯ ಬಾವಿಯಿಂದ ತಂದದ್ದು, ಗಂಜಿಗೆ ಮತ್ತು ಸಾಂಬಾರಿಗೆ. ಮೂರನೆಯದು ನಲ್ಲಿಯ ನೀರು ತುಂಬಿದ ಡ್ರಮ್ಮು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಕಡಲ ನೀರಿನಲ್ಲಿ ಉಪ್ಪಿನ ಜೊತೆ ಮೆಗ್ನೀಷಿಯಂ, ಕ್ಯಾಲ್ಸಿಯಂ ಕೂಡ ಇರುವುದರಿಂದ ಹೀಗಾಗುತ್ತದೆ. ನಲ್ಲಿಯ ಬಾಯಿಯ ಸುತ್ತ ತುಕ್ಕು ಕಟ್ಟಿತ್ತು. ಆ ಮನೆಯ ಹೆಂಗಸು ಹೇಳಿದ್ದು: "ಕುದಿಸಿ ಕುಡೀರಿ ಅಂತಾರೆ. ಕುದಿಸಿದ್ರೆ ಇನ್ನೂ ಉಪ್ಪಾಗ್ತದೆ."

ಅವರು ಹೇಳಿದ್ದು ಸರಿ. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯು.ವಿ. ಫಿಲ್ಟರ್ ಯಾವುದರಿಂದಲೂ ಪ್ರಯೋಜನವಿಲ್ಲ. ಆರ್.ಓ. ಮಾತ್ರ ಉಪ್ಪು ತೆಗೆಯುತ್ತದೆ, ಅದಕ್ಕೆ ದುಡ್ಡು ಬೇಕು, ಕರೆಂಟು ಬೇಕು, ಮೇಲಾಗಿ ಅದು ಒಂದು ಪಾಲು ನೀರನ್ನು ಚರಂಡಿಗೆ ಬಿಡುತ್ತದೆ.

ಮರಳ ಚೀಲದ ಕಟ್ಟ

ಇದಕ್ಕೆ ವರ್ಷಾನುಗಟ್ಟಲೆ ನಡೆದ ಪರಿಹಾರ ಒಂದು ತಾತ್ಕಾಲಿಕ ತಡೆಗಟ್ಟು. ಬೇಸಗೆ ಶುರುವಾಗುವಾಗ ಬಾವಿಕ್ಕೆರೆಯಲ್ಲಿ ಹೊಳೆಗೆ ಅಡ್ಡಲಾಗಿ ಹೊಯಿಗೆ ಚೀಲ ಪೇರಿಸುವುದು, ಮಳೆಗಾಲದಲ್ಲಿ ಅದು ಕೊಚ್ಚಿಹೋಗುವುದು, ಮರುವರ್ಷ ಮತ್ತೆ ಟೆಂಡರು.

ಕಟ್ಟ ಕಟ್ಟುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಕುಂಬ್ಡಾಜೆಯ ಏತಡ್ಕದ ಕಡೆ ತೋಟದವರು ಕಲ್ಲು, ಮಣ್ಣು ಹಾಕಿ ತೋಡಿಗೆ ಸಾಲಾಗಿ ಕಟ್ಟ ಕಟ್ಟಿ ಬೇಸಗೆಯ ನೀರು ಹಿಡಿದುಕೊಳ್ಳುವ ಪದ್ಧತಿ ಉಳಿಸಿಕೊಂಡಿದ್ದಾರೆ. ವಾಣಿನಗರದ ಪತ್ರಕರ್ತ ಶ್ರೀಪಡ್ರೆಯವರು ಇಂಥ ಕಟ್ಟ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ಮಳೆನೀರು ನಿಲ್ಲಿಸುವ ಮದಕಗಳ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಕಟ್ಟ ಕಟ್ಟುವ ಯಾವ ಹಳಬರನ್ನು ಕೇಳಿದರೂ ಮೊದಲು ಹೇಳುವುದು ಒಂದೇ ಮಾತು: ನೀರು ಹರಿಯುತ್ತಿರುವಾಗಲೇ ಕಟ್ಟಬೇಕು.

ಬಾವಿಕ್ಕೆರೆಯಲ್ಲಿ ಈ ಮಾತಿಗೆ ಎರಡು ಪಟ್ಟು ತೂಕ. ಡಿಸೆಂಬರಿನಲ್ಲಿ ಕಟ್ಟಿದರೆ ಮೇಲೆ ಸಿಹಿನೀರು ನಿಲ್ಲುತ್ತದೆ, ಕೆಳಗೆ ಕಡಲು ನಿಲ್ಲುತ್ತದೆ. ತಡವಾಗಿ, ಉಪ್ಪು ಪಂಪ್‌ಹೌಸ್ ದಾಟಿ ಮೇಲೆ ಹೋದ ನಂತರ ಕಟ್ಟಿದರೆ ಏನಾಗುತ್ತದೆ? ಉಪ್ಪುನೀರು ಕಟ್ಟದ ಒಳಗಡೆಯೇ ಸಿಕ್ಕಿಬೀಳುತ್ತದೆ. ಆಮೇಲೆ ಅದನ್ನು ತೊಳೆದು ಹೊರಗೆ ಹಾಕಲು ಹೊಳೆಯಲ್ಲಿ ಹರಿವೇ ಇರುವುದಿಲ್ಲ. ಒಂದು ತಿಂಗಳ ಉದಾಸೀನ ಇಡೀ ಬೇಸಗೆಯ ಮೇಲೆ ಬರೆ ಎಳೆಯುತ್ತದೆ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಕೊರತೆ ಇದ್ದದ್ದು ನೀರಿಗಲ್ಲ, ಹೊತ್ತಿಗೆ ಸರಿಯಾಗಿ ಮಾಡುವ ಕೆಲಸಕ್ಕೆ. ಡಿಸೆಂಬರಿನಲ್ಲಿ ಹೊಳೆ ತುಂಬಿರುವಾಗ ಉಪ್ಪಿನ ನೆನಪು ಯಾರಿಗೂ ಇರುವುದಿಲ್ಲ. ನೆನಪಾಗುವ ಏಪ್ರಿಲಿನಲ್ಲಿ ಮಾಡಲಿಕ್ಕೆ ಏನೂ ಉಳಿದಿರುವುದಿಲ್ಲ.

ಶಾಶ್ವತವಾದ ಅಣೆಕಟ್ಟು ಬೇಕು ಎಂಬ ಬೇಡಿಕೆ ಬಹಳ ಹಳೆಯದು. ಕೆಲಸ ಶುರುವಾಯಿತು, ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಜನ ಬೀದಿಗಿಳಿದರು. ಬಾಟಲಿಯಲ್ಲಿ ಉಪ್ಪುನೀರು ಹಿಡಿದು ಪ್ರತಿಭಟನೆ ಮಾಡಿದರು. ಕೊನೆಗೆ ಶಟರ್ ಇರುವ ರೆಗ್ಯುಲೇಟರ್ ಕೆಲಸ ಮುಗಿದದ್ದು 2021ರಲ್ಲಿ. ಮಳೆಗಾಲದಲ್ಲಿ ಶಟರ್ ತೆರೆದಿಡುವುದು, ಬೇಸಗೆಗೆ ಮುಂಚೆ ಮುಚ್ಚುವುದು. ಮರಳ ಚೀಲವನ್ನು ನೆಚ್ಚಿಕೊಂಡು ಕೂತಿದ್ದ ಪೇಟೆಗೆ ಇದು ದೊಡ್ಡ ನೆಮ್ಮದಿ, ಅದರಲ್ಲಿ ಎರಡು ಮಾತಿಲ್ಲ.

ಇದೇನು ಹಿಂದುಳಿದ ಊರಿನ ಸಮಸ್ಯೆ ಅಂದುಕೊಳ್ಳಬೇಡಿ. 2023ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಹರಿವು ಬರದಿಂದ ಕುಸಿದಾಗ ಮೆಕ್ಸಿಕೋ ಕೊಲ್ಲಿಯ ಉಪ್ಪುನೀರು ತಳ ಹಿಡಿದು ನ್ಯೂ ಆರ್ಲಿಯನ್ಸ್ ಕಡೆಗೆ ಏರಿತು. ಅಲ್ಲಿನ ಸೇನೆಯ ಎಂಜಿನಿಯರುಗಳು ಮಾಡಿದ್ದೂ ಇದನ್ನೇ. ನದಿಯ ತಳದಲ್ಲಿ ಹೂಳು ಪೇರಿಸಿ ಒಂದು ದಿಣ್ಣೆ ಕಟ್ಟಿದರು. ವಿಯೆಟ್ನಾಮಿನ ಮೆಕಾಂಗ್ ಮುಖಜ ಭೂಮಿಯಲ್ಲಿ 2020ರಲ್ಲಿ ಉಪ್ಪು ಒಳಗೆ ನುಗ್ಗಿ ಐದು ಪ್ರಾಂತ್ಯಗಳಲ್ಲಿ ತುರ್ತುಸ್ಥಿತಿ ಘೋಷಿಸಬೇಕಾಯಿತು. ನದಿ ಸೋತ ಕಡೆ ಕಡಲು ಬರುತ್ತದೆ, ದೇಶ ಯಾವುದಾದರೇನು. ಸಮುದ್ರ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಅದು ಇನ್ನೂ ಸಲೀಸಾಗಿ ಬರುತ್ತದೆ.

ಬೋರ್‌ವೆಲ್ ಇದ್ದವರು, ಇಲ್ಲದವರು

ನಲ್ಲಿಯ ನೀರು ಕೈಕೊಟ್ಟ ವರ್ಷಗಳಲ್ಲಿ ಕೈಯಲ್ಲಿ ಕಾಸು ಇದ್ದವರು ಬೋರ್‌ವೆಲ್ ಕೊರೆಸಿದರು. ಅವರನ್ನು ದೂರುವುದಿಲ್ಲ, ಮನೆಯಲ್ಲಿ ಮಕ್ಕಳಿರುವಾಗ ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಅದರಿಂದ ಆದದ್ದು ಎರಡು.

ಒಂದು, ನೆಲದಡಿಯ ನೀರು ಇಳಿಯಿತು. 2017ರ ಅಂತರ್ಜಲ ಅಂದಾಜಿನಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' ಪಟ್ಟಿಯಲ್ಲಿತ್ತು. ವರ್ಷಕ್ಕೆ ನೆಲಕ್ಕೆ ಇಂಗಿ ಬಳಕೆಗೆ ಸಿಗುವ ನೀರಿನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ, 100ರ ತನಕ ಎತ್ತುವ ಕಡೆಗೆ ಈ ಹೆಸರು. ಇಷ್ಟೊಂದು ಮಳೆ ಸುರಿಯುವ ಜಾಗದಲ್ಲಿ! ಮಳೆ ಬೀಳುವುದು ಹೆಚ್ಚುಕಡಿಮೆ ನಾಲ್ಕು ತಿಂಗಳು. ಇಳಿಜಾರಿನ ಗುಡ್ಡ, ಮುರಕಲ್ಲಿನ ನೆಲ. ಬಿದ್ದ ನೀರು ಬೇಗ ತೋಡು ಸೇರಿ, ಹೊಳೆ ಸೇರಿ, ಕಡಲು ಸೇರುತ್ತದೆ. ಗುಡ್ಡಗಳಲ್ಲಿ ಹಿರಿಯರು ಹಾರೆ ಪಿಕಾಸಿ ಹಿಡಿದು ಒಬ್ಬರೇ ನುಸುಳುವಷ್ಟು ಅಗಲಕ್ಕೆ ಕೊರೆದ ಸುರಂಗಗಳು ಬತ್ತುತ್ತಿರುವುದಕ್ಕೂ ಪಕ್ಕದಲ್ಲಿ ಬಂದ ಆಳದ ಬೋರ್‌ವೆಲ್‌ಗಳಿಗೂ ಸಂಬಂಧ ಇದೆ ಎನ್ನುವುದು ಆ ಗುಡ್ಡದವರ ಅನುಭವ.

ಕಡಲ ಬದಿಯಲ್ಲಿ ಪರಿಣಾಮ ಇನ್ನೂ ಕೆಟ್ಟದ್ದು. ತೀರದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ಇರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಅಡಿ ತನಕ ಸಿಹಿನೀರು ಇರುತ್ತದೆ ಎನ್ನುವುದು ಅಂತರ್ಜಲದವರ ಲೆಕ್ಕ. ಇದು ತಿರುಗುಮುರುಗು ಆದಾಗ ಭಯ. ಎಳೆದು ಎಳೆದು ಬಾವಿಯ ಮಟ್ಟ ಒಂದು ಅಡಿ ಇಳಿದರೆ, ಅಡಿಯಿಂದ ಉಪ್ಪು ಕಾಲಾಂತರದಲ್ಲಿ 40 ಅಡಿ ಮೇಲೇರುತ್ತದೆ. ಒಂದು ಮನೆಯ ಪಂಪು ನೆರೆಮನೆಯ ತಲೆಮಾರಿನ ಬಾವಿಯನ್ನು ಉಪ್ಪು ಮಾಡಬಲ್ಲದು. ಹಾಗೆ ಕೆಟ್ಟ ಬಾವಿ ಒಂದೆರಡು ಮಳೆಗಾಲಕ್ಕೆ ಸರಿಯಾಗುವುದಿಲ್ಲ.

ಎರಡನೆಯದು, ಬೋರ್‌ವೆಲ್ ಬಂದವರ ಮನೆಯಲ್ಲಿ ನಲ್ಲಿಯ ಚಿಂತೆ ಮುಗಿಯಿತು. ಅವರೇ ಪೇಟೆಯಲ್ಲಿ ಮಾತು ನಡೆಯುವ ಜನ. ಅವರು ಸುಮ್ನಾದ ಮೇಲೆ ಉಪ್ಪುನೀರಿನ ಕಷ್ಟ ಬಾಡಿಗೆ ಮನೆಯವರದ್ದು, ತೀರದ ಸಣ್ಣ ಮನೆಗಳವರದ್ದು, ಲೈನ್ ಕೋಣೆಯಲ್ಲಿರುವ ಹೊರಗಿನ ಕೂಲಿಯವರದ್ದು ಮಾತ್ರ ಆಗಿ ಉಳಿಯಿತು. ಅವರ ಕೂಗು ಕಚೇರಿಯ ಮೆಟ್ಟಿಲು ಹತ್ತಲು ತುಂಬಾ ವರ್ಷ ಬೇಕಾಯಿತು. ದಿನಗೂಲಿಯಲ್ಲಿ ಒಂದು ಪಾಲನ್ನು ನೀರಿನ ಕ್ಯಾನಿಗೆ ಕೊಡುವ ಮನೆಯ ಸಂಕಟ ಯಾವ ಅಂಕಿಯಲ್ಲೂ ಕಾಣಿಸುವುದಿಲ್ಲ.

ಲೆಕ್ಕಕ್ಕೆ ಬಾರದವರು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಇಟ್ಟಿರುವ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನ 220 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರು ಸಿಗುತ್ತಿರಲಿಲ್ಲ. ಈ ಲೆಕ್ಕಕ್ಕೆ ಮೂರು ಷರತ್ತು. ನೀರು ಮನೆಯಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಕಲುಷಿತ ಆಗಿರಬಾರದು. ಕಲುಷಿತ ಎಂದರೆ ಅಲ್ಲಿ ಮುಖ್ಯವಾಗಿ ನೋಡುವುದು ಮಲದ ಬ್ಯಾಕ್ಟೀರಿಯಾ, ಆರ್ಸೆನಿಕ್ ಮತ್ತು ಫ್ಲೋರೈಡ್. ಉಪ್ಪು ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಏಪ್ರಿಲಿನಲ್ಲಿ ಉಪ್ಪುನೀರು ಬರುತ್ತಿದ್ದ ಕಾಸರಗೋಡಿನ ಮನೆಯಂಥದೊಂದು ಆ 220 ಕೋಟಿಯಲ್ಲಿ ಸೇರದೆಯೂ ಹೋಗಬಹುದು. ನಲ್ಲಿ ಇದೆ, ಕ್ಲೋರಿನ್ ಹಾಕಿದ್ದಾರೆ, ಬ್ಯಾಕ್ಟೀರಿಯಾ ಇಲ್ಲ. ಕಾಗದದ ಮೇಲೆ ಎಲ್ಲ ಸರಿ.

ನಮ್ಮಲ್ಲೂ ಹಾಗೇ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿ ಮನೆಗೆ, ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರಿನಂತೆ, ನೀರು ನಲ್ಲಿಯಲ್ಲಿ ಕೊಡುವ ಗುರಿ ಇಟ್ಟುಕೊಂಡಿತು. ಒಳ್ಳೆಯ ಗುರಿ. ಎಷ್ಟು ಮನೆಗೆ ನಲ್ಲಿ ಬಂತು ಎನ್ನುವುದು ದಿನಾ ಸುದ್ದಿ. ಆ ನಲ್ಲಿಯಲ್ಲಿ ಮೇ ತಿಂಗಳಲ್ಲಿ ಎಂಥ ನೀರು ಬರುತ್ತದೆ ಎನ್ನುವುದೂ ಅಷ್ಟೇ ದೊಡ್ಡ ಸುದ್ದಿಯಾಗಬೇಕು ಅಲ್ವಾ? ಕುಡಿಯುವ ನೀರು ಮನುಷ್ಯನ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ಒಪ್ಪಿಕೊಂಡಿದೆ. ಆ ಹಕ್ಕಿಗೆ ಬೇಸಗೆ ರಜೆ ಇಲ್ಲ.

ಇನ್ನೂ ಉಳಿದಿರುವ ಕೆಲಸ

ರೆಗ್ಯುಲೇಟರ್ ಬಂದದ್ದರಿಂದ ಪ್ರಕರಣ ಮುಗಿಯಿತು ಎಂದು ಫೈಲು ಮುಚ್ಚುವ ಹಾಗಿಲ್ಲ. ಶಟರ್ ಕಡಲನ್ನು ತಡೆಯುತ್ತದೆ, ನೀರನ್ನು ಹುಟ್ಟಿಸುವುದಿಲ್ಲ. ಮೇಲಿಂದ ಹರಿದು ಬಂದಷ್ಟೇ ಅಲ್ಲಿ ನಿಲ್ಲುವುದು. ಮೇಲೆ ಎಂದರೆ ಅಡೂರು, ಜಾಲ್ಸೂರು, ಸುಳ್ಯ, ಅದರಾಚೆ ಘಟ್ಟ. ಸುಳ್ಯ ಪೇಟೆ ಕುಡಿಯುವುದೂ ಪಯಸ್ವಿನಿಯ ನೀರನ್ನೇ. ನಡುವೆ ಎಷ್ಟು ಪಂಪು ಓಡುತ್ತದೆ, ಎಲ್ಲೆಲ್ಲಿ ಹೊಯಿಗೆ ತೆಗೆಯುತ್ತಾರೆ, ಯಾವ ಪೇಟೆಯ ಕೊಳಕು ಎಲ್ಲಿ ಹೊಳೆಗೆ ಸೇರುತ್ತದೆ, ಇವೆಲ್ಲ ಬಾವಿಕ್ಕೆರೆಯ ನಲ್ಲಿಯ ಪ್ರಶ್ನೆಗಳೇ. ಎರಡು ರಾಜ್ಯದ ಪಂಚಾಯತುಗಳು ಒಂದೇ ಹೊಳೆಗಾಗಿ ಜನವರಿಯಲ್ಲೊಮ್ಮೆ ಒಟ್ಟಿಗೆ ಕೂತರೆ ಯಾರ ಗಡಿಯೂ ಅಲುಗಾಡುವುದಿಲ್ಲ. ಮಾತಾಡಲು ಭಾಷೆಯ ತೊಡಕೂ ಇಲ್ಲ, ಹೊಳೆಯ ಉದ್ದಕ್ಕೂ ಕನ್ನಡ, ತುಳು, ಅರೆಭಾಷೆ ಆಡುವವರು ಇದ್ದಾರೆ.

ಉಪನದಿಗಳಿಗೆ, ತೋಡುಗಳಿಗೆ ನವೆಂಬರ್ ಡಿಸೆಂಬರಿನಲ್ಲಿ ಸಾಲು ಕಟ್ಟ ಹಾಕಿದರೆ ನೀರು ನಿಧಾನಕ್ಕೆ ನೆಲಕ್ಕಿಳಿದು, ಮಾರ್ಚಿನಲ್ಲಿ ಒರತೆಯಾಗಿ ಹೊಳೆಗೆ ಬರುತ್ತದೆ. ತೋಟದವರಿಗೂ ಲಾಭ, ಪೇಟೆಯವರಿಗೂ ಲಾಭ. ಈ ಕೆಲಸಕ್ಕೆ ಪೇಟೆಯ ನೀರಿನ ಬಿಲ್ಲಿನಿಂದ ಒಂದು ಪಾಲು ಮೇಲಿನ ಊರುಗಳಿಗೆ ಹೋಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗೆ ಕುಡಿಯುವವರು ಮೇಲೆ ಕಟ್ಟುವವರಿಗೆ ಕೂಲಿ ಕೊಡುವುದರಲ್ಲಿ ತಪ್ಪೇನಿದೆ?

ಇದಕ್ಕಿಂತ ಸುಲಭದ ಇನ್ನೊಂದು ಕೆಲಸ ಈ ವರ್ಷವೇ ಆಗಬಹುದು. ಜನವರಿಯಿಂದ ಮಳೆ ಬರುವ ತನಕ ಬಾವಿಕ್ಕೆರೆಯಲ್ಲಿ ಎತ್ತುವ ನೀರಿನ ಕ್ಲೋರೈಡ್ ಎಷ್ಟಿದೆ ಎಂದು ದಿನಾ ಬೆಳಗ್ಗೆ ಮಲಯಾಳ, ಕನ್ನಡ ಎರಡರಲ್ಲೂ ಜನರಿಗೆ ತಿಳಿಸಬೇಕು. ಇಷ್ಟು ಅಳೆಯಲು ದೊಡ್ಡ ಯಂತ್ರ ಬೇಡ. ಸಿಲ್ವರ್ ನೈಟ್ರೇಟ್ ದ್ರಾವಣ ಹನಿ ಹನಿಯಾಗಿ ಬಿಟ್ಟು ಬಣ್ಣ ಬದಲಾಗುವುದನ್ನು ನೋಡುವ ಪರೀಕ್ಷೆ ಯಾವ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲೂ ಆಗುತ್ತದೆ. ಕಾಸರಗೋಡಿನಲ್ಲಿ ಅಂಥ ಲ್ಯಾಬುಗಳು ಇವೆ, ಅಲ್ಲಿ ಓದುವ ಮಕ್ಕಳ ಮನೆಗಳಿಗೂ ಇದೇ ನೀರು ಹೋಗುತ್ತದೆ. ಆ ಅಂಕಿ 100 ಇದ್ದದ್ದು 150 ಆಯಿತು, 150 ಇದ್ದದ್ದು 200 ಆಯಿತು ಎಂದು ಫೆಬ್ರವರಿಯಲ್ಲೇ ಕಂಡರೆ ಏಪ್ರಿಲಿಗೆ ಕಾಯಬೇಕಾಗಿಲ್ಲ. ಶಟರ್ ಸರಿ ಕೂತಿದೆಯೇ, ಎಲ್ಲಾದರೂ ಸೋರುತ್ತಿದೆಯೇ, ಹರಿವು ಎಷ್ಟಿದೆ ಎಂದು ಅವತ್ತೇ ಹೋಗಿ ಕೇಳಬಹುದು.